ಎರಡನೇ ಮಗುವಿಗೆ ಮೂರು ವರ್ಷ ಬಿಡುವು ಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು: ಪಾಂಡವಪುರ ಕಡೆಯ ಸೊಸೆ

ಅಕ್ಕಂದಿರೇ, ನನಗೆ 23 ವರ್ಷ, ಮಗಳಿಗೆ ನಾಲ್ಕು ತಿಂಗಳು. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಹದಿನೈದು ದಿನ ಆಯ್ತು. ಹೆರಿಗೆ ಹೊತ್ತಿಗೆ ರಕ್ತ (ಹಿಮೋಗ್ಲೋಬಿನ್) ಎಂಟೂವರೆ ಇತ್ತು. ಈಗಲೂ ಬಿಂದಿಗೆ ಎತ್ತಿದರೆ ಕಣ್ಣು ಕತ್ತಲೆ ಬರುತ್ತೆ. ಅತ್ತೆ "ಹಾಲು ಕುಡಿಸೋವಾಗ ಬಸಿರು ನಿಲ್ಲಲ್ಲ, ಆಮೇಲೆ ಬೇಗ ಒಂದು ಗಂಡಾಗಲಿ" ಅಂತಾರೆ. ಆದರೆ ಹೋದ ವಾರ ಮುಟ್ಟಾದೆ. ಕಾಪರ್-ಟಿ ಎದೆಗೆ ಏರುತ್ತೆ ಅಂತಾರಲ್ಲ, ನಿಜವಾ? ಗಂಡನ ಸಹಿ ಕೇಳ್ತಾರಾ?

ಮದ್ದೂರಿನಿಂದ

ತಂಗಿ, ಆ ಹಾಲಿನ ಮಾತು ನಂಬಿ ನಾನು ಕೆಟ್ಟೆ. ದೊಡ್ಡವನಿಗೆ ಏಳು ತಿಂಗಳಾಗಿದ್ದಾಗ ಮತ್ತೆ ನಿಂತಿತ್ತು. ಒಂದು ಸೊಂಟದ ಮೇಲೆ, ಇನ್ನೊಂದು ಹೊಟ್ಟೆಯಲ್ಲಿ. ಎರಡನೇ ಹೆರಿಗೆಗೆ ಎರಡು ಬಾಟಲಿ ರಕ್ತ ಹಾಕಿದರು. ಆಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಬರೀ ಎದೆಹಾಲೇ ಕೊಡ್ತಿರಬೇಕು, ಮುಟ್ಟು ಶುರುವಾಗಿರಬಾರದು. ಮೂರೂ ಇದ್ದರೆ ಮಾತ್ರ ಹಾಲು ಕಾಯುತ್ತೆ. ನಿನಗೆ ಮುಟ್ಟು ಬಂದಾಯ್ತು. ಇವತ್ತಿಂದಲೇ ನಿರೋಧ್ ಬಳಸಿ, ಉಳಿದದ್ದನ್ನು ಆಮೇಲೆ ತೀರ್ಮಾನ ಮಾಡು.

ಇನ್ನೊಂದು ಮಾತು. ಆಗ ನನಗೆ ಕಾನೂನು ಗೊತ್ತಿರಲಿಲ್ಲ. ಬಸಿರು ಮುಂದುವರಿದರೆ ತಾಯಿಯ ದೇಹಕ್ಕೋ ಮನಸ್ಸಿಗೋ ತೀವ್ರ ಪೆಟ್ಟಾಗುತ್ತೆ ಅಂತ ಕಂಡರೆ, 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ ತೆಗೆಸಬಹುದು. 18 ತುಂಬಿದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಂದು ಗುಟ್ಟಾಗಿ ನುಂಗೋ ಕೆಲಸಕ್ಕೆ ಮಾತ್ರ ಯಾರೂ ಹೋಗಬೇಡಿ.

ನಿವೃತ್ತ ನರ್ಸಮ್ಮ, ಮಂಡ್ಯ

ಅಯ್ಯೋ ಮಗ, ವಂಕಿ, ಅದೇ ನೀನಂದ ಕಾಪರ್-ಟಿ, ಎದೆಗೆ ಏರಾಕಿಲ್ಲ ಕಣವ್ವ. ಮೂವತ್ತು ವರ್ಸ ಹಳ್ಳಿಹಳ್ಳಿ ಸುತ್ತಿ ವಂಕಿ ಹಾಕಿವ್ನಿ. ಗರ್ಭಚೀಲಕ್ಕೂ ಎದೆಗೂ ದಾರಿನೇ ಇಲ್ಲ. ಹಾಕೋವಾಗ ಚೀಲಕ್ಕೆ ತೂತಾಗದು ಬಲು ಅಪರೂಪ, ಅದಕ್ಕೇ ಕೈ ಪಳಗಿದವರ ತಾವ್ಲೇ ಹಾಕಿಸ್ಕೋಬೇಕು. ಜಾರಿ ಬೀಳದುಂಟು, ಅದೂ ಮೊದಮೊದಲ ತಿಂಗಳಲ್ಲೇ ಜಾಸ್ತಿ. ಮುಟ್ಟು ಮುಗಿದ್ ಮ್ಯಾಲೆ ದಾರ ಕೈಗೆ ಸಿಕ್ತದಾ ನೋಡ್ಕಂಡ್ರಾಯ್ತು. 380ಎ ಅಂತ ಬರೋದು ಹತ್ತು ವರ್ಸ, 375 ಅನ್ನೋದು ಐದು ವರ್ಸ ಇರ್ತದೆ. ಬ್ಯಾಡ ಅನ್ನಿಸಿದ ದಿನ ತೆಗೆಸು.

ಆದ್ರೆ ನಿಂಗೆ ರಕ್ತ ಕಮ್ಮಿ. ವಂಕಿ ಹಾಕಿದ ಮೊದಲ ಮೂರು ತಿಂಗಳು ಮುಟ್ಟು ಜಾಸ್ತಿ ಹೋಯ್ತದೆ, ಅದಕ್ಕೇ ಮೊದಲು ರಕ್ತ ಪರೀಕ್ಸೆ ಮಾಡಿಸು. ಬಸಿರು ತಡೆಯೋ ಛಾಯಾ ಮಾತ್ರೆ ಕೇಳಿ ನೋಡು, ಅದ್ರಲ್ಲಿ ಹಾರ್ಮೋನ್ ಇಲ್ಲ, ಹಾಲಿಗೂ ತೊಂದ್ರೆ ಇಲ್ಲ. ಮೂರು ತಿಂಗಳು ವಾರಕ್ಕೆ ಎರಡು, ಆಮ್ಯಾಕೆ ವಾರಕ್ಕೊಂದು. ಮುಟ್ಟು ತಡವಾಯ್ತದೆ, ಹೆದರ್ಬ್ಯಾಡ. ಆದ್ರೆ ಗರ್ಭಚೀಲದ ಪಕ್ಕ ನೀರುಗುಳ್ಳೆ ಐತೆ ಅಂದಿದ್ರೆ ಡಾಕ್ಟರಿಗೆ ಮೊದಲೇ ಹೇಳ್ಬುಡು. ದಿನಾ ನುಂಗೋ ಹಾರ್ಮೋನ್ ಮಾತ್ರೆ ಮಾಲಾ-ಎನ್ ಮಾತ್ರ ಈಗ ಬ್ಯಾಡ, ಮಗೀಗೆ ಆರು ತಿಂಗಳು ತುಂಬ್ಲಿ.

ಕಬ್ಬಿಣದ ಮಾತ್ರೆ ಹೆರಿಗೆ ಆದ್ಮೇಲೂ ಆರು ತಿಂಗಳು ನುಂಗ್ಬೇಕು. ಬಾಣಂತನ ಮುಗೀತು ಅಂತ ಅರ್ಧಕ್ಕೇ ಬಿಟ್ಟವರನ್ನ ಎಷ್ಟು ಜನ ಕಂಡಿವ್ನಿ! ಕಾಫಿ-ಟೀ ಜೊತೆ ನುಂಗಬ್ಯಾಡ, ಮೈಗೆ ಹತ್ತಾಕಿಲ್ಲ.

ಸಹಿ ಮಾತು ಕೇಳಿದ್ದಲ್ಲ: ಗಂಡನ ಸಹಿ ಬೇಕಿಲ್ಲ. ಮಕ್ಕಳಾಗ್ದಂಗೆ ಮಾಡೋ ಆಪರೇಷನ್‌ಗೂ ಬೇಕಿಲ್ಲ ಅಂತ ಸರ್ಕಾರದ ನಿಯಮವೇ ಐತೆ. ಯಾರಾದ್ರೂ ಕೇಳಿದ್ರೆ ಹಂಗಂತಲೇ ಹೇಳು. ಮೈ ನಿಂದು.

ಮೈಸೂರು, ಚಾಮುಂಡಿಪುರಂ

ನಾನು ಅಂತರ ಇಂಜೆಕ್ಷನ್ ಎರಡು ವರ್ಷ ತಗೊಂಡೆ. ಮೂರು ತಿಂಗಳಿಗೊಂದು ಸಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಮಾತ್ರೆ ನೆನಪಿಡೋ ಕಷ್ಟ ಇಲ್ಲ, ಮನೆಯಲ್ಲಿ ಯಾರ ಕಣ್ಣಿಗೂ ಬೀಳಲ್ಲ. ಮೊದಲು ಹೊತ್ತಲ್ಲದ ಹೊತ್ತಿಗೆ ಕಲೆ ಕಾಣ್ತಿತ್ತು, ಆಮೇಲೆ ಮುಟ್ಟೇ ನಿಂತುಹೋಯ್ತು. ಇದು ಹೀಗೇ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಗಾಬರಿ ಆಗ್ತಿರಲಿಲ್ಲ. ನಿಲ್ಲಿಸಿದ ಮೇಲೆ ಬಸಿರಾಗೋಕೆ ಏಳರಿಂದ ಹತ್ತು ತಿಂಗಳು ಹಿಡಿಯಬಹುದು, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ನಾಚಿಕೊಂಡು ಕೇಳಬೇಡಿ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶ ಮಾಡಿತ್ತು. ನಮ್ಮ ಮುತ್ತಜ್ಜಿಯರ ಕಾಲದ ಸಂಗತಿ ಇದು.

ಶ್ರೀರಂಗಪಟ್ಟಣ (ಗಂಡಸು)

ಅಮ್ಮಾ, ನಿಮ್ಮ ಯಜಮಾನರಿಗೆ ಇದನ್ನು ಓದಿಸಿ. ನಮ್ಮಮ್ಮನೂ ಗಂಡು ಗಂಡು ಅಂತಿದ್ದರು. ಹೆಂಡತಿ ಒಬ್ಬಳೇ ಉತ್ತರ ಹೇಳಿ ಸೋತಿದ್ದಳು, ನಾನು ಬಾಯಿ ಬಿಟ್ಟ ದಿನ ಮಾತು ನಿಂತಿತು. ಗಂಡೋ ಹೆಣ್ಣೋ ಅನ್ನೋದು ಗಂಡಸಿನ ವೀರ್ಯಾಣುವಿನಿಂದ ತೀರ್ಮಾನ ಆಗೋದು, ಸೊಸೆಯನ್ನು ಅಂದು ಏನು ಫಲ? ಹೊಟ್ಟೆಯಲ್ಲಿರೋ ಮಗು ಗಂಡೋ ಹೆಣ್ಣೋ ಅಂತ ಪತ್ತೆ ಮಾಡಬಾರದು ಅಂತ 1994ರಿಂದ ಕಾನೂನು ಇದ್ದರೂ, 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದದ್ದು ಹೊರಬಂತು. ಬೆಲ್ಲ ಕಾಯಿಸೋ ಜಾಗದಲ್ಲಿ! ನನಗೆ ಎರಡು ಹೆಣ್ಣುಮಕ್ಕಳು, ಆ ಸುದ್ದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಎರಡನೆಯವಳಾದ ಮೇಲೆ ಆಪರೇಷನ್ ನಾನೇ ಮಾಡಿಸಿಕೊಂಡೆ. ಹೊಲಿಗೆ ಇಲ್ಲ, ಅವತ್ತೇ ಮನೆಗೆ ಬಂದೆ. ಆದರೆ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದ ಮೇಲೇ ನಿಶ್ಚಿಂತೆ.

ಕೇಳಿದವರು

ಎಲ್ಲರಿಗೂ ಕೈಮುಗೀತೀನಿ. ಆಶಾ ಅಕ್ಕನ ಜೊತೆ ಹೋಗಿದ್ದೆ. ರಕ್ತ 9.1 ಬಂದಿದೆ. ಬಸಿರಿಲ್ಲ ಅಂತ ಖಚಿತ ಮಾಡಿಕೊಂಡು ಛಾಯಾ ಕೊಟ್ಟರು, ಭಾನುವಾರ ಒಂದು, ಬುಧವಾರ ಒಂದು. ನರ್ಸಮ್ಮ, ಕಬ್ಬಿಣದ ಮಾತ್ರೆ ನಾನೂ ಬಿಟ್ಟುಬಿಟ್ಟಿದ್ದೆ, ಮತ್ತೆ ಶುರು ಮಾಡಿದೀನಿ. ಶ್ರೀರಂಗಪಟ್ಟಣದ ಅಣ್ಣನ ಮಾತನ್ನ ಮನೆಯವರಿಗೆ ಓದಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವಂಗೆ ನಾನು ಹೇಳ್ತೀನಿ" ಅಂದರು.