ಗರ್ಭಿಣಿಯಾಗಿದ್ದಾಗ ಪ್ಯಾರಸಿಟಮಾಲ್ ನುಂಗಿದ್ದಕ್ಕೇ ಮಗನಿಗೆ ಆಟಿಸಂ ಬಂತಾ?

ಪುಟ್ಟನ ಅಮ್ಮ:
ಮಗನಿಗೆ ಮೂರೂವರೆ ವರ್ಷ. ಆಟದ ಕಾರುಗಳನ್ನು ಕಿಟಕಿ ಕಟ್ಟೆ ಮೇಲೆ ಸಾಲಾಗಿ ಜೋಡಿಸುತ್ತಾನೆ. ಒಂದು ಸರಿಸಿದರೂ ಸಾಕು, ಅರ್ಧ ಗಂಟೆ ಅಳು. ಕಳೆದ ತಿಂಗಳು ಆಟಿಸಂ ಅಂತ ಗೊತ್ತಾಯಿತು. ಐದನೇ ತಿಂಗಳಲ್ಲಿ ಜ್ವರ ಬಂದು ಮೂರು ದಿನ ಪ್ಯಾರಸಿಟಮಾಲ್ ತಗೊಂಡಿದ್ದೆ. ಅತ್ತೆ ಅದನ್ನೇ ಎತ್ತಿ ಆಡುತ್ತಾರೆ. ನನಗೆ ನಿದ್ದೆಯೇ ಇಲ್ಲ. ನನ್ನಿಂದಲೇ ಆಯ್ತಾ?

ಮಲೆನಾಡಿನವಳು:
ಇಲ್ಲ ಅಕ್ಕ. 2024ರಲ್ಲಿ ಸ್ವೀಡನ್‌ನವರು ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿದರು. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಮಾತ್ರೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಜ್ವರವನ್ನು ಸುಮ್ನೆ ಬಿಡುವುದೇ ಜಾಸ್ತಿ ಅಪಾಯ.

ಇಬ್ಬರ ತಾಯಿ:
2019ರಲ್ಲಿ ಐದು ದೇಶಗಳ 20 ಲಕ್ಷ ಮಕ್ಕಳ ಅಧ್ಯಯನವೂ ಬಂತು. ಆಟಿಸಂನಲ್ಲಿ ವಂಶವಾಹಿಗಳ ಪಾಲು ಸುಮಾರು 80% ಅಂತ ಅಂದಾಜು. ಹಾಗಂತ ಎಲ್ಲ ಮಾತ್ರೆಯೂ ಒಂದೇ ಅಲ್ಲ. ನನಗೆ ಫಿಟ್ಸ್ ಇದೆ, ವಾಲ್‌ಪ್ರೊಯೇಟ್ ತಗೊಳ್ಳುತ್ತಿದ್ದೆ. ಅದು ಮಗುವಿನ ಮಿದುಳಿಗೆ ನಿಜವಾಗಿಯೂ ಅಪಾಯ. ಎರಡನೇ ಮಗುವಿಗೆ ಮೊದಲೇ ಡಾಕ್ಟರ್ ಬೇರೆ ಮಾತ್ರೆಗೆ ಬದಲಾಯಿಸಿದರು. ಯಾರೂ ತಾವಾಗಿಯೇ ನಿಲ್ಲಿಸಬೇಡಿ!

ಪುಟ್ಟನ ಅಮ್ಮ:
ಓದಿ ಅತ್ತುಬಿಟ್ಟೆ. ನನ್ನ ಗಂಡನೂ ಚಿಕ್ಕವರಿದ್ದಾಗ ಬೆಂಕಿಪೊಟ್ಟಣಗಳನ್ನು ಹೀಗೇ ಸಾಲಾಗಿ ಜೋಡಿಸುತ್ತಿದ್ದರಂತೆ. ಹೇಳಿದ್ದು ಅತ್ತೆಯೇ.