ಸುಜಾತ, ದುಡ್ಡು ಅಲ್ಲೇ ಇರಲಿ

ಸುಜಾತ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ನಿನ್ನ ಗಂಡ ಪ್ರಕಾಶ ದೋಹಾದಿಂದ ಬಂದು ಮೂರು ತಿಂಗಳಾಯಿತು, ಏಜೆಂಟ್ ಹೇಳಿದ ಹೊಸ ಕಂಪನಿಯ ವೀಸಾ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಸ್ನೇಹಿತ ಯಾರೋ ಹೋಟೆಲಿಗೆ ಪಾಲು ಹಾಕು ಅಂತ ಬೆನ್ನು ಬಿದ್ದಿದ್ದಾನೆ, ಕೆಲಸ ಬಿಡುವಾಗ ಕಂಪನಿ ಕೊಟ್ಟ ಸರ್ವಿಸ್ ದುಡ್ಡು ಹಾಕೋದಾ ಬೇಡವಾ ಅಂತ ಕೇಳಿದ್ದೀಯ. ಟೈಪ್ ಮಾಡಲು ನನ್ನ ಕಣ್ಣಿಗೆ ಆಗುವುದಿಲ್ಲ, ಬಾಯಲ್ಲೇ ಹೇಳುತ್ತೇನೆ, ಉದ್ದವಾದರೆ ಬೈಯಬೇಡಿ. ಹಾಕಬೇಡಿ. ವೀಸಾ ಬರುವವರೆಗೆ ಆ ದುಡ್ಡು ಯಾರ ಕೈಗೂ ಕೊಡಬೇಡಿ.

ನನ್ನ ಕುವೈತ್ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. 1990ರ ಆಗಸ್ಟ್ 2ಕ್ಕೆ ಸದ್ದಾಂ ಹುಸೇನನ ಸೈನ್ಯ ಬಂತು. ಸೆಪ್ಟೆಂಬರಿನಲ್ಲಿ ನಾವು ಬಾಗ್ದಾದ್ ದಾಟಿ, ಜೋರ್ಡಾನಿನ ಮರಳಲ್ಲಿ ಡೇರೆ ಕೆಳಗೆ ಕೂತು, ಅಮ್ಮಾನಿನಿಂದ ಏರ್ ಇಂಡಿಯಾ ಹತ್ತಿ ಬೊಂಬಾಯಿಗೆ ಬಂದು ಬಿದ್ದೆವು. ಲಕ್ಷಕ್ಕೂ ಜಾಸ್ತಿ ಜನರನ್ನು ಹಾಗೆ ತಂದರು. ಕೊಂಕಣ ರೈಲು ಆಗ ಎಲ್ಲಿತ್ತು, ಬಸ್ಸಿನಲ್ಲೇ ಊರಿಗೆ. ಈ ಯುದ್ಧದ ಕಥೆ ಎಲ್ಲರೂ ಕೇಳುತ್ತಾರೆ. ಊರಿಗೆ ಬಂದ ಮೇಲಿನ ಕಥೆ ಒಬ್ಬನೂ ಕೇಳುವುದಿಲ್ಲ.

ನಮ್ಮ ಕಡೆ ಗಲ್ಫಿನಿಂದ ಬಂದವನಿಗೆ ಎರಡೇ ಪ್ರಶ್ನೆ ಅಲ್ವಾ. ಯಾವಾಗ ಬಂದದ್ದು, ಯಾವಾಗ ಹೋಗುವುದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದನ್ನು ಕ್ಷೌರದ ಅಂಗಡಿಯಲ್ಲಿ, ದೇವಸ್ಥಾನದ ಊಟದ ಪಂಕ್ತಿಯಲ್ಲಿ, ಕೊನೆಗೆ ಹಾಲು ಹಾಕುವವಳೂ ಕೇಳಿದಳು. ನಾನು ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ಕುಂದಾಪುರದ ಶಾಸ್ತ್ರಿ ಸರ್ಕಲ್‌ಗೆ ಹೋಗುತ್ತಿದ್ದೆ. ಏನೂ ಕೆಲಸ ಇಲ್ಲ, ಸುಮ್ನೆ. ಹೋಗುವುದನ್ನು ಜನ ನೋಡಲಿ ಅಂತ. ಒಂದು ಚಾ ಕುಡಿದು ಹನ್ನೆರಡಕ್ಕೆ ವಾಪಸ್ ಬರುವುದು.

ಬ್ಯಾಂಕಿನಲ್ಲಿ ನಲವತ್ತು ಸಾವಿರ ಇತ್ತು, ಅಲ್ಲಿಂದ ಕಳಿಸಿದ್ದು. 1991ರ ಏಪ್ರಿಲಿನಲ್ಲಿ ಒಬ್ಬ ಪರಿಚಯದವ, ಹೆಸರು ಬೇಡ, ಗಂಗೊಳ್ಳಿಯಲ್ಲಿ ಹೊಸ ಬೋಟು ಉಂಟು, ಪಾಲಿಗೆ ಬಾ ಅಂದ. ನಾನು ಮೀನು ತಿಂದವನೇ ಹೊರತು ಬೋಟು ಹತ್ತಿದವನಲ್ಲ. ಆದರೂ ಮೂವತ್ತೈದು ಕೊಟ್ಟೆ. ಯಾಕೆ ಕೊಟ್ಟೆ ಗೊತ್ತುಂಟಾ, ಲಾಭಕ್ಕಲ್ಲ ಮಾರಾಯ್ತಿ, ಯಾರಾದರೂ ಕೇಳಿದರೆ "ನನ್ನದು ಬೋಟಿನ ವ್ಯವಹಾರ" ಅಂತ ಹೇಳಬಹುದಲ್ಲ, ಅದಕ್ಕೆ. ಮಳೆ ಶುರುವಾದರೆ ಬೋಟು ಮೇಲೆ ಎಳೆಯುತ್ತಾರೆ ಅನ್ನುವುದು ಗಂಗೊಳ್ಳಿಯ ಮಗುವಿಗೂ ಗೊತ್ತು. ಸರಿಯಾಗಿ ಒಂದು ತಿಂಗಳು ಕಡಲಿಗೆ ಹೋಯಿತು. ಜೂನಿನಲ್ಲಿ ತೆಂಗಿನ ಮಡಲಿನ ತಟ್ಟಿ ಹೊದ್ದುಕೊಂಡು ದಡದಲ್ಲಿ ಮಲಗಿತು. ಇಂಜಿನ್ ಬಿಚ್ಚಿ ಗೋಣಿಯಲ್ಲಿ ಕಟ್ಟಿಟ್ಟಿದ್ದರು. ನಾನು ವಾರಕ್ಕೊಮ್ಮೆ ಕೊಡೆ ಹಿಡಿದು ನೋಡಲು ಹೋಗುವುದು. ಒಂದು ದಿನ ಹಸಿರು ಬಣ್ಣ ಎದ್ದು ನಿಂತಿತ್ತು, ಉಗುರಿನಲ್ಲಿ ಕೆರೆದೆ, ಚಕ್ಕೆ ಬಂತು. ಒಳಗೆ ನೀಲಿ ಬಣ್ಣ, ಅದರ ಮೇಲೆ ಬೇರೆಯೇ ಹೆಸರು. ಹೊಸ ಬೋಟು!

ಆಗಸ್ಟಿನಲ್ಲಿ ಹಳೆ ಅರಬಾಬನ, ಅಂದರೆ ನನಗೆ ಕೆಲಸ ಕೊಟ್ಟಿದ್ದ ಧಣಿಯ, ಕಾಗದ ಬಂತು. ವೀಸಾ ರೆಡಿ, ಬೇಗ ಬಾ ಅಂತ. ಮೆಡಿಕಲ್‌ಗೆ ದುಡ್ಡಿಲ್ಲ, ಟಿಕೆಟಿಗೆ ದುಡ್ಡಿಲ್ಲ. ಉಳಿದ ಐದು ಸಾವಿರ ಅಕ್ಕಿಗೆ ಹೋಗಿತ್ತು. ನನ್ನ ಹೆಂಡತಿ, ನಿನ್ನ ದೊಡ್ಡತ್ತೆಯ ಎರಡು ಬಳೆ ಮಾರಿ ದುಡ್ಡು ಹೊಂದಿಸುವಷ್ಟರಲ್ಲಿ ಅರಬಾಬ ಬೇರೆಯವನನ್ನು ಇಟ್ಟುಕೊಂಡ. ಮತ್ತೆ ಮಸ್ಕತ್‌ಗೆ ಹೋಗಲು 1993 ಆಯಿತು. ಅದಕ್ಕೇ ಹೇಳುವುದು, ಆ ದುಡ್ಡು ಯಾರ ಕೈಗೂ ಕೊಡಬೇಡಿ. ಹೋಟೆಲ್ ಆಗಲಿ, ಟಿಪ್ಪರ್ ಆಗಲಿ, ತಮ್ಮನೇ ಆಗಲಿ.

ತಮ್ಮ ಅಂದಾಗ ನೆನಪಾಯಿತು. ಸುಜಾತ, ನನ್ನ ತಮ್ಮ, ನಿನ್ನ ಮಾವ, ಈ ವಾಟ್ಸಾಪ್ ಗ್ರೂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. 1987ರಲ್ಲಿ ನಾನು ರಜೆಗೆ ಬಂದಾಗ ಪೆಟ್ಟಿಗೆ ಬಿಚ್ಚುವ ಮೊದಲೇ ಬಂದು ಕೂತಿದ್ದ. ರೇಡಿಯೋ-ಕ್ಯಾಸೆಟ್ ಟೂ-ಇನ್-ಒನ್ ಅವನಿಗೆ, ಸೆಂಟು ಅವನ ಹೆಂಡತಿಗೆ. 1990ರಲ್ಲಿ ಒಂದೇ ಬ್ಯಾಗು ಹಿಡಿದು ಬಂದಾಗ ಹದಿನೈದು ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಬಳೆ ಮಾರಿದ್ದು ಗೊತ್ತಿತ್ತು ಅವನಿಗೆ. ಇರಲಿ. ಹೋದ ವರ್ಷ ನನ್ನ ಮೊಣಕಾಲಿನ ಆಪರೇಷನ್ ಆಯಿತು ಅಂತ ಹಾಕಿದರೆ ಈ ಗ್ರೂಪಿನಲ್ಲಿ ಹನ್ನೊಂದು ಹೆಬ್ಬೆರಳು ಬಂತು, ಎಣಿಸಿದ್ದೇನೆ. ಮನೆಗೆ ಬಂದದ್ದು ಪ್ರಕಾಶನ ಹೆಂಡತಿ ಒಬ್ಬಳೇ, ನೀನೇ. ಆಪರೇಷನ್ ಆದವನಿಗೆ ಯಾರಾದರೂ ಹೆಬ್ಬೆರಳು ತೋರಿಸುತ್ತಾರಾ?

ಹಾಂ, ಮುಖ್ಯ ವಿಷಯ ಬಿಟ್ಟೇ ಹೋಯಿತು. ಆ ಏಜೆಂಟ್ ಲೈಸೆನ್ಸ್ ಇದ್ದವನಾ ಅಂತ ಮೊದಲು ನೋಡಿ. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಪಟ್ಟಿ ಉಂಟು. ಅವರು ಸರ್ವಿಸ್ ಚಾರ್ಜ್ ಅಂತ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಬಿಟ್ಟು ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ಕೊಟ್ಟದ್ದಕ್ಕೆ ರಸೀದಿ ಬೇಕೇ ಬೇಕು. ಪ್ರಕಾಶ ಇನ್ನು ಇಲ್ಲೇ ನಿಲ್ಲುವುದು ಅಂತಾದರೆ ಬ್ಯಾಂಕಿಗೂ ಹೇಳಬೇಕು. ಹೊರದೇಶದಲ್ಲಿ ಇರುವವರ ಎನ್‌ಆರ್‌ಇ ಖಾತೆ ಹಾಗೇ ಇಟ್ಟುಕೊಳ್ಳಲು ಬರುವುದಿಲ್ಲ, ರೆಸಿಡೆಂಟ್ ಖಾತೆಗೆ ಬದಲಿಸಬೇಕು ಇಲ್ಲವೇ ವಾಪಸ್ ಬಂದವರು ವಿದೇಶಿ ಹಣದಲ್ಲೇ ಇಡುವ ಆರ್‌ಎಫ್‌ಸಿ ಖಾತೆಗೆ ಹಾಕಬೇಕು. ಅಲ್ಲಿದ್ದಾಗ ವಿದೇಶಿ ಹಣದಲ್ಲಿ ಇಟ್ಟ ಎಫ್‌ಸಿಎನ್‌ಆರ್ ಡೆಪಾಸಿಟ್ ಇದ್ದರೆ ಅವಧಿ ಮುಗಿಯುವವರೆಗೆ ಇರಲಿ, ಮುರಿಯುವುದು ಬೇಡ. ಆರು ತಿಂಗಳ ಮನೆ ಖರ್ಚು, ಮೆಡಿಕಲ್, ಟಿಕೆಟ್, ಇಷ್ಟು ಬೇರೆ ತೆಗೆದಿಡು. ಅದು ನಿನ್ನ ಹೆಸರಿನಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಪ್ರಕಾಶನಿಗೆ ಫೋನ್ ಎತ್ತಲು ಹೇಳು, ಎರಡು ಸಲ ಮಾಡಿದೆ. ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ, ಬಂಗುಡೆ ತರಿಸುತ್ತೇನೆ. ಅಲ್ಲ, ಅವನು ಯಾವಾಗ ಹೋಗುವು... ಛೆ, ಬೇಡ. ಊಟಕ್ಕೆ ಬನ್ನಿ.