‘ಫ್ಲಿಮ್ಸಿ’ಗೆ ‘ದುರ್ಬಲ’ ಎಂದರೆ ಸಾಕೇ?

ಪ್ರಶ್ನೆ: ಅನುವಾದಕಿ
ನಾನು ಅನುವಾದಿಸುತ್ತಿರುವ ಲೇಖನವೊಂದರಲ್ಲಿ ‘ಫ್ಲಿಮ್ಸಿ’ ಎಂಬ ಇಂಗ್ಲಿಷ್ ಗುಣವಾಚಕ ಮೂರು ಕಡೆ ಬಂದಿದೆ: ಒಮ್ಮೆ ಬಟ್ಟೆಗೆ, ಒಮ್ಮೆ ಸಾಕ್ಷ್ಯಕ್ಕೆ, ಇನ್ನೊಮ್ಮೆ ನೆಪಕ್ಕೆ. ‘ದುರ್ಬಲ ಬಟ್ಟೆ’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಮೂರಕ್ಕೂ ಹೊಂದುವ ಒಂದೇ ಪದವಿದೆಯೇ, ಇದು ‘ವೀಕ್’ಗಿಂತ ಹೇಗೆ ಬೇರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಅಧ್ಯಾಪಕ
‘ವೀಕ್’ ಎಂಬುದು ಶಕ್ತಿ ಕಡಿಮೆ ಎಂದಷ್ಟೇ ಹೇಳುತ್ತದೆ, ಅದರಲ್ಲಿ ತಿರಸ್ಕಾರವಿಲ್ಲ. ‘ಫ್ಲಿಮ್ಸಿ’ ಎಂದಾಗ ವಸ್ತು ತೆಳ್ಳಗಿದೆ, ಬಳಸತೊಡಗಿದರೆ ಬಾಳದು ಎಂಬ ತೀರ್ಪೂ ಜೊತೆಗೇ ಬರುತ್ತದೆ. ಆದ್ದರಿಂದಲೇ ಕಾಯಿಲೆಯಿಂದ ಎದ್ದ ಹಿರಿಯರನ್ನು ‘ವೀಕ್’ ಅಥವಾ ‘ಫ್ರೇಲ್’ ಎನ್ನುತ್ತಾರೆಯೇ ಹೊರತು ‘ಫ್ಲಿಮ್ಸಿ’ ಎನ್ನುವುದಿಲ್ಲ. ತೆಳುಪೊರೆ ಎಂಬರ್ಥದ ‘ಫಿಲ್ಮ್’ನಿಂದ ಈ ಪದ ಹುಟ್ಟಿರಬಹುದೆಂಬುದು ನಿಘಂಟುಕಾರರ ಊಹೆ. ಇದಕ್ಕೆ ನಾಮಪದದ ಬಳಕೆಯೂ ಉಂಟು: ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಪ್ರತಿ ತೆಗೆಯುತ್ತಿದ್ದ ತೆಳುಕಾಗದಕ್ಕೆ ಇದೇ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿದ್ದ ಬ್ರಿಟಿಷ್ ಸೈನಿಕರು ತಮ್ಮ 4 ಗ್ಯಾಲನ್ ಪೆಟ್ರೋಲ್ ಡಬ್ಬಗಳನ್ನೂ ಹೀಗೆಯೇ ಕರೆದರು. ಲಾರಿಯ ಕುಲುಕಾಟಕ್ಕೆ ಬೆಸುಗೆ ಬಿಟ್ಟು ಸೋರುತ್ತಿದ್ದ ಆ ತಗಡಿಗಿಂತ ಜರ್ಮನರಿಂದ ವಶಪಡಿಸಿಕೊಂಡ ಜೆರಿಕ್ಯಾನು ಎಂಬ ಗಟ್ಟಿ ಉಕ್ಕಿನ ಡಬ್ಬಗಳನ್ನೇ ಅವರು ಮೆಚ್ಚಿದರು.

ನೇಕಾರರ ಮನೆಯವ
ಬಟ್ಟೆಗೆ ‘ಜಾಳು’ ಎನ್ನಿ. ಹಾಸುಹೊಕ್ಕಿನ ಎಳೆಗಳು ಒತ್ತಾಗಿ ಕೂರದೆ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವ ಬಟ್ಟೆಯನ್ನು ನಮ್ಮಲ್ಲಿ ‘ಜಾಳುಜಾಳು’ ಎನ್ನುತ್ತೇವೆ. ಬಿಗಿಯಿಲ್ಲದ ಬರಹವನ್ನೂ ವಿಮರ್ಶಕರು ‘ಜಾಳು’ ಎನ್ನುವುದರಿಂದ ಸಾಕ್ಷ್ಯಕ್ಕೂ ಅದನ್ನೇ ಹಚ್ಚಬಹುದೆಂದು ನನ್ನ ಅನಿಸಿಕೆ. ‘ಪೊಳ್ಳು’ ಮಾತ್ರ ಬೇಡ. ಪೊಳ್ಳೆಂದರೆ ಒಳಗೆ ಏನೂ ಇಲ್ಲ, ಜಾಳಿನಲ್ಲಿ ಎಳೆಯಂತೂ ಇದೆ, ಸಾಲದು ಅಷ್ಟೆ.

ವಕೀಲ
ಪೊಳ್ಳಿನ ವಿಷಯದಲ್ಲಿ ಒಪ್ಪುತ್ತೇನೆ, ‘ಜಾಳು ಸಾಕ್ಷ್ಯ’ವನ್ನು ಒಪ್ಪಲಾರೆ. ನ್ಯಾಯಾಲಯದ ಕನ್ನಡದಲ್ಲಿ ಅದು ಕಿವಿಗೆ ಒಗ್ಗದು. ಗುಣವಾಚಕವನ್ನೇ ಬಿಟ್ಟು ‘ಆರೋಪವನ್ನು ಹೊರುವಷ್ಟು ಸಾಕ್ಷ್ಯ ಗಟ್ಟಿಯಾಗಿಲ್ಲ’ ಎಂದು ವಾಕ್ಯವನ್ನೇ ತಿರುಗಿಸಬಹುದು. ನೆಪಕ್ಕಂತೂ ‘ಕುಂಟುನೆಪ’ ಸಿದ್ಧವಾಗಿಯೇ ಇದೆ, ಬೇರೆ ಹುಡುಕಬೇಕಿಲ್ಲ.

ಅನುವಾದಕಿ
ಎಲ್ಲರಿಗೂ ಧನ್ಯವಾದಗಳು. ಬಟ್ಟೆಗೆ ‘ಜಾಳು’, ನೆಪಕ್ಕೆ ‘ಕುಂಟು’ ಎಂದು ತಿದ್ದಿದ್ದೇನೆ. ಸಾಕ್ಷ್ಯದ ವಾಕ್ಯವನ್ನು ವಕೀಲರು ಹೇಳಿದಂತೆ ತಿರುಗಿಸಿದ್ದೇನೆ, ಆದರೆ ಮೂಲ ಲೇಖಕರು ಒಂದೇ ಪದವನ್ನು ಮೂರು ಸಲ ಬೇಕೆಂದೇ ತಂದಿದ್ದರೆ ಆ ಅನುರಣನ ಕನ್ನಡದಲ್ಲಿ ಕಳೆದುಹೋಗುತ್ತದೆ.